ಮೂವತ್ತೊಂದು ಗೋಲುಗಳ ಹೊರೆ

ಫುಟ್‌ಬಾಲ್ ಆಟದಲ್ಲಿ ಪಕ್ಷವೊಂದಕ್ಕೆ ಹನ್ನೊಂದು ಮಂದಿ. ಅವರಲ್ಲಿ ಹತ್ತು ಮಂದಿಗೆ ಮೈದಾನವೆಲ್ಲ ಓಡಾಡುವ ಸ್ವಾತಂತ್ರ್ಯವುಂಟು. ತಪ್ಪು ಮಾಡಿದವನು ಮರುಗಳಿಗೆಯಲ್ಲಿ ಗುಂಪಿನೊಳಗೆ ಮರೆಯಾಗಬಲ್ಲನು. ಹನ್ನೊಂದನೆಯವನಿಗೆ ಆ ಅನುಕೂಲವಿಲ್ಲ. ಎರಡು ಕಂಬಗಳ ನಡುವಣ ಎಂಟು ಗಜ ಅಗಲದ ಬಾಗಿಲನ್ನು ಅವನು ಒಬ್ಬನೇ ಕಾಯಬೇಕು. ಮುಂದಿನವನು ಚೆಂಡನ್ನು ಕಳೆದುಕೊಂಡದ್ದು, ನಡುವಿನವನು ಓಡದೆ ನಿಂತದ್ದು, ಹಿಂದಿನವನು ದಾರಿ ಬಿಟ್ಟದ್ದು, ಇವಾವುವೂ ಪ್ರೇಕ್ಷಕನ ನೆನಪಿನಲ್ಲಿ ಉಳಿಯುವುದಿಲ್ಲ. ಬಲೆ ಅಲುಗಿದ ಕೂಡಲೇ ಎಲ್ಲರ ಕಣ್ಣೂ ನೆಡುವುದು ಅದರ ಮುಂದೆ ಬಿದ್ದಿರುವ ಗೋಲ್‌ಕೀಪರನ ಮೇಲೆ. ಕೆರೆಯ ಏರಿಯನ್ನು ವರ್ಷಗಟ್ಟಲೆ ದುರಸ್ತಿಯಿಲ್ಲದೆ ಬಿಟ್ಟವರು ಎಷ್ಟೋ ಮಂದಿ ಇರಬಹುದು. ಆದರೆ ಏರಿ ಒಡೆದ ರಾತ್ರಿ ತೂಬಿನ ಬಳಿ ನಿಂತಿದ್ದ ನೀರಗಂಟಿಯೇ ಊರವರ ಬಾಯಿಗೆ ಸಿಕ್ಕುತ್ತಾನೆ. ಗೋಲ್‌ಕೀಪರನ ಪಾಡೂ ಅದೇ. ಹಲವರ ಸೋಲು ಒಬ್ಬನ ಹೆಸರಿನಲ್ಲಿ ಜಮೆಯಾಗುತ್ತದೆ.

ಹೀಗೆ ಜಮೆಯಾದ ಲೆಕ್ಕಗಳಲ್ಲೆಲ್ಲ ದೊಡ್ಡದು ಬಿದ್ದದ್ದು ನಿಕಿ ಸಲಾಪು ಎಂಬ ತರುಣನ ಪಾಲಿಗೆ. ೨೦೦೧ನೆಯ ಇಸವಿ ಏಪ್ರಿಲ್ ೧೧ರಂದು ಆಸ್ಟ್ರೇಲಿಯದ ಕಾಫ್ಸ್ ಹಾರ್ಬರ್ ಎಂಬ ಕಡಲತೀರದ ಪಟ್ಟಣದಲ್ಲಿ ವಿಶ್ವಕಪ್ ಸ್ಪರ್ಧೆಯ ಅರ್ಹತಾ ಪಂದ್ಯವೊಂದು ನಡೆಯಿತು. ಒಂದು ಕಡೆ ಆಸ್ಟ್ರೇಲಿಯ. ಇನ್ನೊಂದು ಕಡೆ ಅಮೆರಿಕನ್ ಸಮೋವ. ತೊಂಬತ್ತು ನಿಮಿಷಗಳ ಆಟ ಮುಗಿದಾಗ ಆಸ್ಟ್ರೇಲಿಯ ಮೂವತ್ತೊಂದು ಗೋಲುಗಳನ್ನು ಹೊಡೆದಿತ್ತು; ಅಮೆರಿಕನ್ ಸಮೋವ ಒಂದನ್ನೂ ಹೊಡೆದಿರಲಿಲ್ಲ. ಅಧಿಕೃತ ಅಂತರರಾಷ್ಟ್ರೀಯ ಪಂದ್ಯಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸೋಲು ಮತ್ತೊಂದಿಲ್ಲ. ಆ ಸಂಜೆ ಸೋತವರ ಗೋಲುಕಂಬಗಳ ನಡುವೆ ನಿಂತಿದ್ದವನು ಸಲಾಪು. ಆಗ ಆತನ ವಯಸ್ಸು ಇಪ್ಪತ್ತು.

ಈ ದಾಖಲೆಯನ್ನು ಕೇಳಿ ನಕ್ಕವರು ಪ್ರಪಂಚದಲ್ಲಿ ಅಸಂಖ್ಯಾತರು. ಆದರೆ ಅದು ಹೇಗೆ ಸಂಭವಿಸಿತೆಂದು ವಿಚಾರಿಸಿದವರು ಕೆಲವರೇ. ವಿಚಾರಿಸಹೊರಟರೆ ಮೊದಲು ಆ ದ್ವೀಪಗಳ ಬಳಿಗೆ ಹೋಗಬೇಕಾಗುತ್ತದೆ.

ಶಾಂತಸಾಗರದ ದಕ್ಷಿಣ ಭಾಗದಲ್ಲಿ ಸಮೋವ ಎಂಬ ದ್ವೀಪಸಮೂಹವಿದೆ. ಅಲ್ಲಿಯ ಜನ ಒಂದೇ ಕುಲದವರು, ಒಂದೇ ಭಾಷೆಯವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾಶ್ಚಾತ್ಯ ರಾಷ್ಟ್ರಗಳು ಈ ದ್ವೀಪಗಳಿಗಾಗಿ ತಮ್ಮತಮ್ಮಲ್ಲೇ ಕಚ್ಚಾಡಿದವು. ೧೮೯೯ರಲ್ಲಿ ಒಪ್ಪಂದವೊಂದನ್ನು ಮಾಡಿಕೊಂಡು, ಅಣ್ಣತಮ್ಮಂದಿರು ಹೊಲವನ್ನು ಪಾಲುಮಾಡಿಕೊಳ್ಳುವಂತೆ ಹಂಚಿಕೊಂಡವು. ಪಶ್ಚಿಮದ ದ್ವೀಪಗಳು ಜರ್ಮನಿಗೆ ಸೇರಿದವು, ಅನಂತರ ನ್ಯೂಜಿಲೆಂಡಿನ ಆಡಳಿತಕ್ಕೆ ಒಳಪಟ್ಟವು; ೧೯೬೨ರಲ್ಲಿ ಸ್ವತಂತ್ರವಾದವು. ಪೂರ್ವದ ದ್ವೀಪಗಳಲ್ಲಿ ೧೯೦೦ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಧ್ವಜ ಏರಿತು. ಅದು ಇಂದಿಗೂ ಇಳಿದಿಲ್ಲ. ಈ ಪೂರ್ವಭಾಗವೇ ಅಮೆರಿಕನ್ ಸಮೋವ. ಎಲ್ಲ ದ್ವೀಪಗಳನ್ನೂ ಕೂಡಿಸಿದರೆ ವಿಸ್ತೀರ್ಣ ಇನ್ನೂರು ಚದರ ಕಿಲೋಮೀಟರಿಗೆ ಮುಟ್ಟುವುದಿಲ್ಲ. ೨೦೦೦ದ ಜನಗಣತಿಯಲ್ಲಿ ಐವತ್ತೇಳು ಸಾವಿರದಷ್ಟಿದ್ದ ಜನಸಂಖ್ಯೆ ೨೦೨೦ರ ಹೊತ್ತಿಗೆ ಐವತ್ತು ಸಾವಿರಕ್ಕಿಂತಲೂ ಕೆಳಗಿಳಿದಿತ್ತು. ದುಡಿಮೆಯನ್ನು ಅರಸಿ ಹೊರಟವರು ಹವಾಯಿಗೋ ಅಮೆರಿಕದ ಪಶ್ಚಿಮ ತೀರಕ್ಕೋ ಹೋಗಿ ನೆಲೆಸುತ್ತಾರೆ. ಟೂನಾ ಮೀನನ್ನು ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆ ಮತ್ತು ಸರ್ಕಾರಿ ನೌಕರಿ, ಇವೆರಡನ್ನು ಬಿಟ್ಟರೆ ದ್ವೀಪದಲ್ಲಿ ಕೈತುಂಬ ಕೆಲಸ ದೊರೆಯುವುದು ಕಷ್ಟ.

ಅಲ್ಲಿಯ ಹುಡುಗರು ದೃಢಕಾಯರು, ಆಟದಲ್ಲಿ ಹಿಂದೆಬಿದ್ದವರಲ್ಲ. ಆದರೆ ಅವರ ಕಣ್ಣಿರುವುದು ಅಮೆರಿಕದವರ ಫುಟ್‌ಬಾಲಿನ ಮೇಲೆ. ಹೆಸರು ಫುಟ್‌ಬಾಲ್ ಎಂದಿದ್ದರೂ ಅದು ಕೈಯಲ್ಲಿ ಚೆಂಡು ಹಿಡಿದು ಮೈಮೇಲೆ ನುಗ್ಗುವ ಬೇರೆಯೇ ಆಟ. ಅದರಲ್ಲಿ ಮೇಲೇರಿದವನಿಗೆ ಕಾಲೇಜಿನ ವಿದ್ಯಾರ್ಥಿವೇತನವುಂಟು. ಅದೃಷ್ಟವಿದ್ದರೆ ಲಕ್ಷಾಂತರ ಡಾಲರುಗಳ ಸಂಪಾದನೆಯುಂಟು. ಬಡ ತಂದೆತಾಯಿಗಳು ಮಗನನ್ನು ಆ ಕಡೆಗೆ ನೂಕಿದರೆ ಅದು ಅಸಹಜವಲ್ಲ. ಲೋಕವೆಲ್ಲ ಆಡುವ, ಕಾಲಿನಿಂದ ಚೆಂಡನ್ನು ಒದೆಯುವ ಫುಟ್‌ಬಾಲಿಗೆ ದ್ವೀಪದಲ್ಲಿ ಉಳಿದದ್ದು ಮಿಕ್ಕವರು ಮಾತ್ರ. ಹಣಕ್ಕಾಗಿ ಅಲ್ಲದೆ, ಕೀರ್ತಿಗಾಗಿಯೂ ಅಲ್ಲದೆ, ಪ್ರೀತಿಯೊಂದರಿಂದಲೇ ಆ ಆಟವನ್ನು ಹಿಡಿದವರು ಅವರು. ಫುಟ್‌ಬಾಲಿನ ವಿಶ್ವಸಂಸ್ಥೆಯಾದ ಫೀಫಾ ಅಮೆರಿಕನ್ ಸಮೋವಕ್ಕೆ ಸದಸ್ಯತ್ವ ಕೊಟ್ಟದ್ದು ೧೯೯೮ರಲ್ಲಿ. ಮೂರು ವರ್ಷ ಕಳೆಯುವಷ್ಟರಲ್ಲಿ ಅದರ ತಂಡ ಮೊತ್ತಮೊದಲ ಬಾರಿಗೆ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಿಗೆ ಹೊರಟಿತು.

ಹೊರಡುವ ಮೊದಲೇ ತೊಡಕು ಎದುರಾಯಿತು. ಅಮೆರಿಕದ ಪಾಸ್‌ಪೋರ್ಟ್ ಉಳ್ಳವರು ಮಾತ್ರವೇ ಅಮೆರಿಕನ್ ಸಮೋವದ ಪರವಾಗಿ ಆಡಬಹುದೆಂದು ಫೀಫಾ ವಿಧಿಸಿತು. ಎರಡು ಸಮೋವಗಳ ನಡುವೆ ಮದುವೆ, ವ್ಯಾಪಾರ, ಬಂಧುತ್ವಗಳ ಬಳಕೆ ಎಂದಿನಿಂದಲೂ ಇರುವುದರಿಂದ, ತಂಡದಲ್ಲಿದ್ದ ಅನೇಕರು ಗಡಿಯ ಆಚೆಯ ಪಾಸ್‌ಪೋರ್ಟ್ ಹೊಂದಿದವರು. ಆರಿಸಿದ್ದ ಇಪ್ಪತ್ತು ಆಟಗಾರರ ಪೈಕಿ ಈ ನಿಯಮಕ್ಕೆ ಸರಿಹೊಂದಿದವನು ಒಬ್ಬನೇ ಒಬ್ಬ. ಆ ಒಬ್ಬನೇ ನಿಕಿ ಸಲಾಪು.

ಇಪ್ಪತ್ತು ವರ್ಷದೊಳಗಿನವರ ತಂಡದಿಂದಾದರೂ ಬದಲಿ ಆಟಗಾರರನ್ನು ಕರೆಯೋಣವೆಂದರೆ, ಅವರಲ್ಲಿ ಬಹುಮಂದಿಗೆ ಅದೇ ವೇಳೆಗೆ ಶಾಲೆಯ ಪರೀಕ್ಷೆಗಳು ಬಂದಿದ್ದವು. ಪರೀಕ್ಷೆಯನ್ನು ಬಿಟ್ಟು ಆಟಕ್ಕೆ ಹೋಗೆಂದು ಯಾವ ತಂದೆ ತಾನೆ ಹೇಳಿಯಾನು! ಕೊನೆಗೆ ತರಬೇತುದಾರ ಟುನೋವಾ ಲುಯಿ ಕೈಗೆ ಸಿಕ್ಕಿದ ಹುಡುಗರನ್ನು ಕೂಡಿಸಿ ಒಂದು ತಂಡವನ್ನು ಹೇಗೋ ಹೊಂದಿಸಿದರು. ಅವರಲ್ಲಿ ಹದಿನೈದು ವರ್ಷದ ಬಾಲಕರೂ ಇದ್ದರು. ಪೂರ್ತಿ ತೊಂಬತ್ತು ನಿಮಿಷಗಳ ಪಂದ್ಯವನ್ನು ಅದುವರೆಗೆ ಆಡಿಯೇ ಇಲ್ಲದವರೂ ಇದ್ದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಂಥ ತಂಡವನ್ನು ಕಟ್ಟಿಕೊಂಡು ಹೋಗುವುದಕ್ಕಿಂತ, ಬರಲಾಗುವುದಿಲ್ಲವೆಂದು ತಂತಿ ಕೊಟ್ಟು ಮನೆಯಲ್ಲೇ ಉಳಿಯಬಹುದಾಗಿತ್ತಲ್ಲವೆ? ಉಳಿದಿದ್ದರೆ ಆ ದ್ವೀಪದ ಹೆಸರನ್ನು ಹಾಸ್ಯ ಮಾಡುವ ಅವಕಾಶ ಯಾರಿಗೂ ಸಿಕ್ಕುತ್ತಿರಲಿಲ್ಲ. ಆದರೆ ಹೊಸದಾಗಿ ಸಭೆಗೆ ಸೇರಿದವನು ಮೊದಲನೆಯ ಕರೆಗೇ ಬಾರದೆ ಉಳಿದರೆ, ಎರಡನೆಯ ಕರೆ ಬರುವುದೆಂಬ ಭರವಸೆಯಿಲ್ಲ. ಅವರು ಹೊರಟರು. ತಂಡದಲ್ಲಿ ಅನುಭವಿಯೆನ್ನಿಸಿಕೊಂಡವನು ಇಪ್ಪತ್ತು ವರ್ಷದ ಸಲಾಪು.

ಏಪ್ರಿಲ್ ೭ರಂದು ಫಿಜಿ ಅವರ ಮೇಲೆ ಹದಿಮೂರು ಗೋಲುಗಳನ್ನು ಹೊಡೆಯಿತು. ಏಪ್ರಿಲ್ ೯ರಂದು ಸೋದರ ಸಮೋವ ಎಂಟನ್ನು ಹೊಡೆಯಿತು. ಅದೇ ಒಂಬತ್ತನೆಯ ತಾರೀಖಿನಂದು ಆಸ್ಟ್ರೇಲಿಯ, ಟೋಂಗಾ ತಂಡವನ್ನು ಇಪ್ಪತ್ತೆರಡು ಸೊನ್ನೆಯಿಂದ ಸೋಲಿಸಿತು. ಅದಕ್ಕೆ ಹಿಂದಿನ ವರ್ಷ ಫೆಬ್ರುವರಿಯಲ್ಲಿ ನಮ್ಮ ನೆರೆಯ ಭೂತಾನದ ಮೇಲೆ ಕುವೈತ್ ಇಪ್ಪತ್ತು ಗೋಲುಗಳನ್ನು ಹೊಡೆದದ್ದೇ ದೊಡ್ಡ ಸುದ್ದಿಯಾಗಿತ್ತು. ಟೋಂಗಾ ಪಂದ್ಯ ಅದನ್ನೂ ಮೀರಿಸಿತು. ಆ ಇಪ್ಪತ್ತೆರಡರ ದಾಖಲೆಗೆ ದಕ್ಕಿದ ಆಯುಸ್ಸು ಎರಡೇ ದಿನ.

ಹನ್ನೊಂದನೆಯ ತಾರೀಖಿನ ಆಟ ಶುರುವಾದ ಮೇಲೆ ಮೊದಲ ಕೆಲವು ನಿಮಿಷ ಗೋಲಾಗಲಿಲ್ಲವೆಂಬುದನ್ನು ಯಾರೂ ಹೇಳುವುದಿಲ್ಲ. ಚೆಂಡು ಮತ್ತೆಮತ್ತೆ ಬಂದಿತು, ಸಲಾಪು ತಡೆದನು. ಸುಮಾರು ಹತ್ತನೆಯ ನಿಮಿಷದಲ್ಲಿ ಮೊದಲನೆಯ ಗೋಲು ಬಿದ್ದಿತು. ಆ ಬಳಿಕ ಕಟ್ಟೆಯೊಡೆಯಿತು. ಅರ್ಧ ಆಟ ಮುಗಿಯುವಷ್ಟರಲ್ಲಿ ಹದಿನಾರು, ಉಳಿದರ್ಧದಲ್ಲಿ ಹದಿನೈದು. ಆರ್ಚಿ ಥಾಂಪ್ಸನ್ ಎಂಬ ಆಸ್ಟ್ರೇಲಿಯದ ಮುಂಚೂಣಿಯ ಆಟಗಾರನೊಬ್ಬನೇ ಹದಿಮೂರು ಗೋಲುಗಳನ್ನು ಹೊಡೆದು, ಒಂದೇ ಅಂತರರಾಷ್ಟ್ರೀಯ ಪಂದ್ಯದಲ್ಲಿ ಒಬ್ಬನಿಂದ ಅತ್ಯಧಿಕ ಗೋಲುಗಳು ಎಂಬ ದಾಖಲೆಯನ್ನು ತನ್ನದಾಗಿಸಿಕೊಂಡನು. ಡೇವಿಡ್ ಝ್ಡ್ರಿಲಿಕ್ ಎಂಟನ್ನು ಹೊಡೆದನು. ಯೂರೋಪಿನಲ್ಲಿ ಆಡುತ್ತಿದ್ದ ಆಸ್ಟ್ರೇಲಿಯದ ಪ್ರಮುಖ ಆಟಗಾರರಲ್ಲಿ ಅನೇಕರು ಆ ಪಂದ್ಯಕ್ಕೆ ಬಂದೇ ಇರಲಿಲ್ಲ. ಬಂದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಬೇಡ. ಅಮೆರಿಕನ್ ಸಮೋವದವರು ಎದುರಾಳಿಯ ಗೋಲಿನ ಕಡೆಗೆ ಚೆಂಡನ್ನು ನೇರವಾಗಿ ಒದ್ದದ್ದು ಆಟ ಮುಗಿಯಲು ಇನ್ನು ನಾಲ್ಕಾರು ನಿಮಿಷಗಳಿದ್ದಾಗ. ಅದನ್ನು ಆಸ್ಟ್ರೇಲಿಯದ ಗೋಲ್‌ಕೀಪರ್ ಹಿಡಿದುಬಿಟ್ಟನು.

ಲೆಕ್ಕ ಇಡುವವರಿಗೂ ಅಂದು ಲೆಕ್ಕ ತಪ್ಪಿತು. ಮೈದಾನದ ಫಲಕ ಮೂವತ್ತೆರಡು ಎಂದು ತೋರಿಸಿತು. ಆಮೇಲೆ ರೆಫರಿಯ ಟಿಪ್ಪಣಿಯೊಂದಿಗೆ ತಾಳೆ ನೋಡಿ, ಮೂವತ್ತೊಂದು ಎಂದು ತಿದ್ದಿದರು. ಸೋತವನ ಲೆಕ್ಕದಿಂದ ಒಂದು ಕಡಮೆಯಾದದ್ದು ಅಂದು ಆತನಿಗೆ ದೊರೆತ ಏಕಮಾತ್ರ ರಿಯಾಯಿತಿ.

ವರದಿಗಾರರು ಬರೆದುದರಲ್ಲಿ ಒಂದಂಶ ಗಮನಾರ್ಹವಾಗಿದೆ. ಸಲಾಪು ಆ ಸಂಜೆ ಹಲವು ಉತ್ತಮ ಹೊಡೆತಗಳನ್ನು ತಡೆದನು. ಆತನಿಲ್ಲದಿದ್ದರೆ ಅಂಕೆ ಇನ್ನೂ ಮೇಲೇರುತ್ತಿತ್ತು. ಸುಮಾರು ಮೂರು ನಿಮಿಷಕ್ಕೊಮ್ಮೆ ಬಲೆಯೊಳಗಿಂದ ಚೆಂಡನ್ನು ಎತ್ತಿ ಮಧ್ಯರೇಖೆಗೆ ಕಳುಹಿಸಿ, ಮತ್ತೆ ಮೊಣಕಾಲು ಬಾಗಿಸಿ ಸಿದ್ಧನಾಗಿ ನಿಲ್ಲುವುದೆಂದರೆ ಅದು ಸಾಮಾನ್ಯವಾದ ಸಂಗತಿಯಲ್ಲ. ಹತ್ತನೆಯ ಗೋಲಿನ ಬಳಿಕ ಗೆಲುವಿನ ಆಸೆಯಂತೂ ಇರಲಾರದು. ಇಪ್ಪತ್ತನೆಯದಾದ ಬಳಿಕ ಮಾನ ಉಳಿಯಿತೆಂಬ ಆಸೆಯೂ ಇರಲಾರದು. ಆದರೂ ಮೂವತ್ತನೆಯ ಹೊಡೆತಕ್ಕೂ ಆತ ಹಾರಿದನು. ಇದು ಯಾವ ಅಂಕಪಟ್ಟಿಯಲ್ಲೂ ನಮೂದಾಗಿಲ್ಲ.

ಈಗ ಆ ಮೂವತ್ತೊಂದನ್ನು ಬಿಡಿಸಿ ನೋಡಬಹುದು. ಅದರಲ್ಲಿ ಎಷ್ಟು ಗೋಲುಗಳು ಪಾಸ್‌ಪೋರ್ಟ್ ನಿಯಮದವು? ಎಷ್ಟು ಶಾಲಾಪರೀಕ್ಷೆಯವು? ಎರಡು ಕೋಟಿಗೆ ಸಮೀಪದ ಜನರಿದ್ದ ದೇಶವನ್ನೂ ಅರವತ್ತು ಸಾವಿರ ಮುಟ್ಟದ ದ್ವೀಪವನ್ನೂ ಒಂದೇ ತಕ್ಕಡಿಯಲ್ಲಿಟ್ಟ ವ್ಯವಸ್ಥೆಯದು ಎಷ್ಟು? ಸಮೋವದ ಜನರನ್ನು ಒಂದು ಶತಮಾನದ ಹಿಂದೆ ಎರಡಾಗಿ ಸೀಳಿದ ಒಪ್ಪಂದದ ಪಾಲು ಎಷ್ಟು? ಇವೆಲ್ಲವನ್ನೂ ಕಳೆದು ಉಳಿದದ್ದಷ್ಟೇ ಸಲಾಪುವಿನದು. ಆದರೆ ಲೋಕ ಈ ವ್ಯವಕಲನವನ್ನು ಮಾಡುವುದಿಲ್ಲ. ಮನೆತನ ಮುರಿದುಬಿದ್ದರೆ ಕೊನೆಯ ಯಜಮಾನನನ್ನು, ಅಂಗಡಿ ಮುಚ್ಚಿದರೆ ಕೊನೆಗೆ ಬೀಗ ಹಾಕಿದವನನ್ನು ದೂರುವುದು ಅದರ ವಾಡಿಕೆ.

ಗೆದ್ದವರ ಪಕ್ಷದಲ್ಲಿಯೇ ಒಬ್ಬನಿಗೆ ಇದರ ಅರಿವಿದ್ದಿತು. ದಾಖಲೆ ಮುರಿದ ಥಾಂಪ್ಸನ್, ತನಗೆ ಸಂತೋಷವಾಗಿದೆಯೆಂದು ಹೇಳಿದ ಬೆನ್ನಲ್ಲೇ, ಇಂಥ ಪಂದ್ಯಗಳನ್ನು ಆಡಿಸುವ ಅಗತ್ಯವಿದೆಯೇ ಎಂಬ ಸಂದೇಹವನ್ನೂ ವ್ಯಕ್ತಪಡಿಸಿದನು. ಸಂದೇಹ ಎಲ್ಲೆಡೆ ಹಬ್ಬಿತು. ಚರ್ಚೆಯ ಫಲವಾಗಿ ಮುಂದಿನ ವಿಶ್ವಕಪ್ಪಿಗಾಗಿ ೨೦೦೪ರಲ್ಲಿ ನಡೆದ ಅರ್ಹತಾ ಪಂದ್ಯಗಳ ಕ್ರಮವೇ ಬದಲಾಯಿತು. ಸಣ್ಣ ದ್ವೀಪಗಳು ಮೊದಲು ತಮ್ಮತಮ್ಮೊಳಗೆ ಆಡಬೇಕು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಂಥ ದೊಡ್ಡ ತಂಡಗಳು ಎರಡನೆಯ ಸುತ್ತಿನಲ್ಲಿ ಬಂದು ಸೇರಬೇಕು. ೨೦೦೬ರಲ್ಲಿ ಆಸ್ಟ್ರೇಲಿಯ ಓಷಿಯಾನಿಯದ ಒಕ್ಕೂಟವನ್ನೇ ತೊರೆದು ಏಷ್ಯದ ಒಕ್ಕೂಟಕ್ಕೆ ಸೇರಿತು. ಮೂವತ್ತೊಂದು ಎಂಬ ಅಂಕೆ ಅಷ್ಟೊಂದು ಕುರೂಪವಾಗಿರದೆ, ಹತ್ತು ಹನ್ನೆರಡರ ಸಾಧಾರಣ ಸೋಲಾಗಿದ್ದಿದ್ದರೆ, ನಿಯಮದ ಕಡೆಗೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲವೋ ಏನೋ.

ನಿಯಮ ಬದಲಾಯಿತೆಂದು ಅದೃಷ್ಟ ಒಡನೆಯೇ ಬದಲಾಗಲಿಲ್ಲ. ಕಾಫ್ಸ್ ಹಾರ್ಬರಿನ ಪಂದ್ಯವಾದ ಮೂರು ದಿನಗಳಿಗೆ ಟೋಂಗಾ ಅವರನ್ನು ಐದು ಗೋಲುಗಳಿಂದ ಸೋಲಿಸಿತ್ತು. ನಾಲ್ಕು ಪಂದ್ಯಗಳಲ್ಲಿ ಐವತ್ತೇಳು ಗೋಲುಗಳನ್ನು ತಿಂದು, ಒಂದನ್ನೂ ಹೊಡೆಯದೆ ಅವರು ಮನೆಗೆ ಮರಳಿದ್ದರು. ೨೦೦೪ರಲ್ಲಿ ನಾಲ್ಕಕ್ಕೆ ನಾಲ್ಕು ಪಂದ್ಯಗಳೂ ಸೋಲಿನಲ್ಲೇ ಮುಗಿದವು. ೨೦೦೭ರಲ್ಲಿ ವನುವಾಟು ಹದಿನೈದು ಗೋಲುಗಳನ್ನು ಹೊಡೆಯಿತು. ೨೦೦೯ರ ಸೆಪ್ಟೆಂಬರ್ ೨೯ರಂದು ಸಮುದ್ರವೇ ಉಕ್ಕಿ ದ್ವೀಪದ ಮೇಲೆ ಬಂದಿತು. ಆ ಸುನಾಮಿಯಲ್ಲಿ ಅಮೆರಿಕನ್ ಸಮೋವದಲ್ಲೇ ಮೂವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ೨೦೧೧ರಲ್ಲಿ ನ್ಯೂ ಕ್ಯಾಲಿಡೋನಿಯದಲ್ಲಿ ನಡೆದ ಪೆಸಿಫಿಕ್ ಕ್ರೀಡಾಕೂಟದಲ್ಲಿ ತಂಡ ಆಡಿದ ಎಲ್ಲ ಪಂದ್ಯಗಳನ್ನೂ ಒಂದೂ ಗೋಲು ಹೊಡೆಯದೆ ಸೋತಿತು. ಫೀಫಾ ಪ್ರಕಟಿಸುವ ರಾಷ್ಟ್ರಗಳ ಶ್ರೇಯಾಂಕ ಪಟ್ಟಿಯ ಕಟ್ಟಕಡೆಯ ಸಾಲಿನಲ್ಲಿ ಅದರ ಹೆಸರು ನಿಂತಿತು.

ಈ ನಡುವೆ ಸಲಾಪು ದ್ವೀಪವನ್ನು ಬಿಟ್ಟು ಅಮೆರಿಕದ ಸಿಯಾಟಲ್ ನಗರದಲ್ಲಿ ನೆಲೆಸಿದನು. ಸಂಸಾರವಂದಿಗನಾದನು. ಸಾಗರವನ್ನು ದಾಟಿ ಬಂದರೂ ಆ ಅಂಕೆ ಆತನ ಬೆನ್ನು ಬಿಡಲಿಲ್ಲ. ದೂರದರ್ಶನದಲ್ಲಿ ಯಾವುದಾದರೂ ತಂಡ ದೊಡ್ಡ ಅಂತರದಿಂದ ಸೋತಾಗ ಹಳೆಯ ದಾಖಲೆಯನ್ನು ನೆನಪಿಸುವುದು ವಾಡಿಕೆ. ದಾಖಲೆಯೊಂದಿಗೆ ಗೋಲ್‌ಕೀಪರನ ಹೆಸರೂ ಬರುತ್ತದೆ. ಆ ಪಂದ್ಯ ತನ್ನನ್ನು ವರ್ಷಗಟ್ಟಲೆ ಕಾಡಿತೆಂದು ಆತನೇ ಬಹಿರಂಗವಾಗಿ ಹೇಳಿಕೊಂಡಿದ್ದಾನೆ. ಆತನ ವಿಷಯದಲ್ಲಿ ಪ್ರಸಿದ್ಧವಾದ ಒಂದು ಸಂಗತಿಯುಂಟು. ಮನೆಯಲ್ಲಿ ವಿಡಿಯೊ ಆಟದ ಯಂತ್ರವನ್ನು ಹಚ್ಚಿ, ಇಬ್ಬರಾಡುವ ಪಂದ್ಯವೆಂದು ಗೊತ್ತುಮಾಡಿ, ಎದುರಾಳಿಯಾಗಿ ಆಸ್ಟ್ರೇಲಿಯವನ್ನು ಆರಿಸಿಕೊಳ್ಳುತ್ತಿದ್ದನಂತೆ. ಆ ಕಡೆಯ ಹಿಡಿಕೆಯನ್ನು ಹಿಡಿದವರು ಯಾರೂ ಇಲ್ಲ. ಅಲುಗದೆ ನಿಂತಿರುವ ಆಸ್ಟ್ರೇಲಿಯದ ಮೇಲೆ ಈತ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದನು. ಕೇಳಿದವರಿಗೆ ನಗು ಬರಬಹುದು. ಆದರೆ ಎಂದೋ ಒಂದು ದಿನ ನಾಲ್ಕು ಜನರೆದುರು ತಲೆತಗ್ಗಿಸಿದ ನೆನಪನ್ನು ಏಕಾಂತದಲ್ಲಿ ಸರಿಪಡಿಸಲು ಯತ್ನಿಸದವರು ಯಾರಿದ್ದಾರೆ? ಅಂದು ಹೇಳಲಾರದೆ ಉಳಿದ ಉತ್ತರವನ್ನು ಹತ್ತು ವರ್ಷಗಳ ಮೇಲೆ ಗೋಡೆಗೆ ಹೇಳಿಕೊಳ್ಳುವವರು ಪ್ರತಿಯೊಂದು ಬೀದಿಯಲ್ಲೂ ಇದ್ದಾರೆ.

೨೦೧೧ರ ಕೊನೆಯಲ್ಲಿ ಮುಂದಿನ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳು ಹತ್ತಿರವಾದವು. ಅಮೆರಿಕನ್ ಸಮೋವಕ್ಕೆ ತರಬೇತುದಾರರೊಬ್ಬರು ಬೇಕಾಗಿದ್ದರು. ಅಮೆರಿಕದ ಫುಟ್‌ಬಾಲ್ ಸಂಸ್ಥೆಯ ಮೂಲಕ ಬಂದವರು ಥಾಮಸ್ ರೋಂಗೆನ್. ಡಚ್ ಮೂಲದವರು, ಅಮೆರಿಕದ ವೃತ್ತಿಪರ ತಂಡಗಳನ್ನು ತರಬೇತುಗೊಳಿಸಿ, ೧೯೯೯ರಲ್ಲಿ ವಾಷಿಂಗ್‌ಟನ್ನಿನ ಡಿ.ಸಿ. ಯುನೈಟೆಡ್ ತಂಡಕ್ಕೆ ಲೀಗ್ ಪ್ರಶಸ್ತಿಯನ್ನು ಗೆದ್ದುಕೊಟ್ಟವರು. ಅವರಿಗೆ ದೊರೆತ ಕಾಲಾವಧಿ ಮೂರು ವಾರ ಮಾತ್ರ. ರೋಂಗೆನ್ ಸ್ವತಃ ನೋವುಂಡವರಾಗಿದ್ದರು; ತಮ್ಮ ಪತ್ನಿಯ ಮಗಳನ್ನು ೨೦೦೪ರಲ್ಲಿ ವಾಹನದ ಅಪಘಾತವೊಂದರಲ್ಲಿ ಕಳೆದುಕೊಂಡಿದ್ದರು. ಕಳೆದುಕೊಂಡವರ ನಡುವೆ ಕಳೆದುಕೊಂಡವರೊಬ್ಬರು ಬಂದು ಸೇರಿದಂತಾಯಿತು.

ರೋಂಗೆನ್ ಮಾಡಿದ ಮೊದಲ ಕೆಲಸಗಳಲ್ಲೊಂದು ಸಲಾಪುವನ್ನು ಸಿಯಾಟಲಿನಿಂದ ಮರಳಿ ಕರೆಸಿದ್ದು. ಮೂವತ್ತೊಂದು ಗೋಲು ಬಿಟ್ಟವನನ್ನೇ ಮತ್ತೆ ಗೋಲಿನಲ್ಲಿ ನಿಲ್ಲಿಸುವುದೇ ಎಂದು ಹೊರಗಿನವರು ಹುಬ್ಬೇರಿಸಿದ್ದರೆ ಅದು ಸಹಜ. ಆದರೆ ಮೂವತ್ತೊಂದು ಗೋಲುಗಳಾದ ಮೇಲೂ ನಿಂತ ಜಾಗ ಬಿಡದವನು ಆ ದ್ವೀಪದಲ್ಲಿ ಇನ್ನೊಬ್ಬನಿರಲಿಲ್ಲವೆಂಬುದೂ ಅಷ್ಟೇ ನಿಜ. ಸಲಾಪು ಬಂದನು. ಆಗ ಆತನಿಗೆ ವಯಸ್ಸು ಮೂವತ್ತು.

ಆ ತಂಡದಲ್ಲಿ ಇನ್ನೂ ಕೆಲವರನ್ನು ನೆನೆಯಬೇಕು. ರಾಮಿನ್ ಓಟ್ ಅಮೆರಿಕದ ಸೈನ್ಯದಲ್ಲಿದ್ದವನು. ಶಾಲೊಮ್ ಲುವಾನಿಗೆ ಹದಿನೇಳು ವರ್ಷ. ಅಮೆರಿಕದವರ ಫುಟ್‌ಬಾಲಿನಲ್ಲೂ ನಿಪುಣನಾಗಿದ್ದ ಈತ ಮುಂದೆ ೨೦೧೭ರಲ್ಲಿ ಓಕ್‌ಲೆಂಡ್ ರೈಡರ್ಸ್ ಎಂಬ ಹೆಸರಾಂತ ವೃತ್ತಿಪರ ತಂಡಕ್ಕೆ ಆಯ್ಕೆಯಾದನು. ರಕ್ಷಣಾ ಪಂಕ್ತಿಯಲ್ಲಿದ್ದವರಲ್ಲಿ ಜಯ್ಯಾ ಸಾಯಿಲುವಾ ಒಬ್ಬರು. ಹುಟ್ಟಿನಿಂದ ಗಂಡಾಗಿ, ಬಾಳಿನಲ್ಲಿ ಹೆಣ್ತನವನ್ನು ಆತುಕೊಂಡವರಿಗೆ ಸಮೋವದ ಸಮಾಜ ಪರಂಪರೆಯಿಂದಲೂ ಒಂದು ಸ್ಥಾನ ಕೊಟ್ಟಿದೆ. ಅವರನ್ನು ಫಅಫಾಫೀನೆ ಎನ್ನುತ್ತಾರೆ. ಸಾಯಿಲುವಾ ಅವರಲ್ಲೊಬ್ಬರು. ಪುರುಷರ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಬಹಿರಂಗವಾಗಿ ಆ ಗುರುತಿನೊಂದಿಗೆ ಆಡಿದವರಲ್ಲಿ ಈಕೆಯೇ ಮೊದಲಿಗರು. ದೊಡ್ಡ ದೇಶಗಳು ಅನುಮಾನಿಸಿ ನೋಡುವುದನ್ನು ಆ ಪುಟ್ಟ ದ್ವೀಪ ಸಹಜವಾಗಿ ಒಪ್ಪಿಕೊಂಡಿತ್ತು.

೨೦೧೧ರ ನವೆಂಬರ್ ೨೨. ಸ್ಥಳ, ಸ್ವತಂತ್ರ ಸಮೋವದ ರಾಜಧಾನಿಯಾದ ಅಪಿಯ. ಎದುರಾಳಿ ಟೋಂಗಾ. ಹತ್ತು ವರ್ಷಗಳ ಹಿಂದೆ ಆಸ್ಟ್ರೇಲಿಯದಿಂದ ಇಪ್ಪತ್ತೆರಡು ಗೋಲು ತಿಂದಿದ್ದ ಅದೇ ಟೋಂಗಾ. ನಿಯಮ ಬದಲಾಗಿದ್ದುದರಿಂದ ಈಗ ಸಮಾನರ ಎದುರು ಸಮಾನರು ನಿಂತಿದ್ದರು. ನಲವತ್ತಮೂರನೆಯ ನಿಮಿಷದಲ್ಲಿ ಓಟ್ ದೂರದಿಂದ ಹೊಡೆದ ಚೆಂಡು ಟೋಂಗಾದ ಗೋಲ್‌ಕೀಪರನನ್ನು ತಪ್ಪಿಸಿಕೊಂಡು ಒಳಹೊಕ್ಕಿತು. ಎಪ್ಪತ್ತನಾಲ್ಕನೆಯ ನಿಮಿಷದಲ್ಲಿ ಲುವಾನಿ ಎರಡನೆಯದನ್ನು ಹೊಡೆದನು. ಎರಡು ಸೊನ್ನೆ! ಅಮೆರಿಕನ್ ಸಮೋವದ ಪಕ್ಷದಲ್ಲಿ ಎಣಿಸಲು ಎರಡು ಗೋಲುಗಳು!

ಇನ್ನು ಹದಿನಾರು ನಿಮಿಷ. ಮುಂದಿದ್ದವರ ಕೆಲಸ ಮುಗಿದಿತ್ತು. ಉಳಿದದ್ದು ಹಿಂದಿದ್ದವನ ಕೆಲಸ. ಟೋಂಗಾದವರು ಮೇಲಿಂದಮೇಲೆ ನುಗ್ಗಿದರು. ಎಂಬತ್ತೆಂಟನೆಯ ನಿಮಿಷದಲ್ಲಿ ಒಂದು ಗೋಲು ಸಲಾಪುವನ್ನು ದಾಟಿತು. ಆ ಗಳಿಗೆಯಲ್ಲಿ ಆತನ ಮನಸ್ಸಿನಲ್ಲಿ ಏನು ಹಾದುಹೋಯಿತೆಂಬುದು ಆತನಿಗೇ ಗೊತ್ತು. ಒಂದು ಗೋಲು ಬಿದ್ದರೆ ಅದರ ಹಿಂದೆ ಎಷ್ಟು ಬೀಳಬಲ್ಲವೆಂಬುದು ಲೋಕದಲ್ಲಿ ಆತನಷ್ಟು ಚೆನ್ನಾಗಿ ಬಲ್ಲವರು ಯಾರು? ಎರಡನೆಯದು ಬೀಳಲಿಲ್ಲ. ರೆಫರಿಯ ಸೀಟಿ ಕೇಳಿಸಿತು. ಎರಡಕ್ಕೆ ಒಂದರಂತೆ ಅಮೆರಿಕನ್ ಸಮೋವ ಗೆದ್ದಿತ್ತು. ಫೀಫಾ ಮನ್ನಣೆಯ ಪಂದ್ಯಗಳಲ್ಲಿ ಅದು ಆ ತಂಡದ ಮೊತ್ತಮೊದಲ ಗೆಲುವು.

ಸಲಾಪು ಅತ್ತನು. ಇನ್ನು ಹಳೆಯದನ್ನು ಹಿಂದಕ್ಕೆ ಬಿಟ್ಟು ಮತ್ತೆ ಬದುಕಬಲ್ಲೆನೆಂಬ ಅರ್ಥದ ಮಾತುಗಳನ್ನು ಆತ ಪತ್ರಿಕೆಯವರೊಡನೆ ಆಡಿದನು. ವಿಶ್ವಕಪ್ಪಿನ ಹೊಸ್ತಿಲಿನಿಂದ ಎಷ್ಟೋ ಯೋಜನ ದೂರದಲ್ಲಿ, ಮೊದಲ ಸುತ್ತಿನ ಒಂದು ಪಂದ್ಯದಲ್ಲಿ, ಪ್ರಪಂಚದ ಕೊನೆಯ ಸಾಲಿನ ಎರಡು ತಂಡಗಳ ನಡುವೆ ಬಂದ ಗೆಲುವು ಅದು. ಆದರೆ ಆತನ ಪಾಲಿಗೆ ಅದಕ್ಕಿಂತ ದೊಡ್ಡ ಗೆಲುವು ಇರಲಿಲ್ಲ.

ಚಲನಚಿತ್ರದ ಕಥೆಯಾಗಿದ್ದರೆ ಇಲ್ಲಿಗೆ ಪರದೆ ಬೀಳಬೇಕು. ಜೀವನದಲ್ಲಿ ಎರಡು ದಿನಗಳ ಬಳಿಕ ಇನ್ನೊಂದು ಪಂದ್ಯವಿತ್ತು. ಕುಕ್ ದ್ವೀಪಗಳ ಎದುರು ಅಮೆರಿಕನ್ ಸಮೋವ ಒಂದಕ್ಕೊಂದರ ಸಮ ಮಾಡಿಕೊಂಡಿತು. ನವೆಂಬರ್ ೨೬ರಂದು ಸೋದರ ಸಮೋವದ ಎದುರು ಗೆದ್ದರೆ ಮುಂದಿನ ಸುತ್ತು ಎಂಬ ಸ್ಥಿತಿ ಬಂದಿತು. ಆಟದ ಕೊನೆಯ ಗಳಿಗೆಗಳವರೆಗೂ ಗೋಲಾಗಲಿಲ್ಲ. ಆಗ ಸಮೋವ ಒಂದು ಗೋಲು ಹೊಡೆದು, ಪಂದ್ಯವನ್ನೂ ಮುಂದಿನ ಸುತ್ತಿನ ಸ್ಥಾನವನ್ನೂ ಕಸಿದುಕೊಂಡಿತು. ಹತ್ತು ವರ್ಷಗಳ ಹಿಂದೆ ಎಂಟು ಗೋಲುಗಳಿಂದ ತಮ್ಮನ್ನು ಮಣಿಸಿದ್ದವರನ್ನು ಈ ಸಾರಿ ಕೊನೆಯ ಗಳಿಗೆಯವರೆಗೆ ತಡೆದು ನಿಲ್ಲಿಸಿದ್ದೇ ಅವರಿಗೆ ಸಂದ ಸಮಾಧಾನ. ೨೦೧೫ರಲ್ಲಿ ಟೋಂಗಾದ ನೆಲದಲ್ಲೇ ನಡೆದ ಪಂದ್ಯಗಳಲ್ಲಿ ಅಮೆರಿಕನ್ ಸಮೋವ ಟೋಂಗಾವನ್ನೂ ಕುಕ್ ದ್ವೀಪಗಳನ್ನೂ ಸೋಲಿಸಿತು. ಆದರೂ ಮುಂದಿನ ಸುತ್ತು ದಕ್ಕಲಿಲ್ಲ. ಈ ಸಲ ಅವರನ್ನು ತಡೆದದ್ದು ಗೋಲುಗಳ ಅಂತರದ ಲೆಕ್ಕ. ಒಂದು ಕಾಲಕ್ಕೆ ಮೂವತ್ತೊಂದರ ಅಂತರದಿಂದ ಸೋತವರು, ಈಗ ಸರಿಸಮವಾಗಿ ಅಂಕ ಗಳಿಸಿ ಕೂದಲೆಳೆಯ ಅಂತರದಲ್ಲಿ ಹಿಂದುಳಿದರು.

೨೦೧೪ರಲ್ಲಿ ಈ ಗೆಲುವಿನ ಕಥೆ ‘ನೆಕ್ಸ್ಟ್ ಗೋಲ್ ವಿನ್ಸ್’ ಎಂಬ ಸಾಕ್ಷ್ಯಚಿತ್ರವಾಗಿ ತೆರೆಗೆ ಬಂದಿತು. ಅದೇ ಹೆಸರಿನಿಂದ ೨೦೨೩ರಲ್ಲಿ ಟೈಕಾ ವೈಟಿಟಿ ಅವರ ನಿರ್ದೇಶನದ ಕಥಾಚಿತ್ರವೂ ಹೊರಬಂದಿತು. ಅದರಲ್ಲಿ ಸಲಾಪುವಿನ ಪಾತ್ರವನ್ನು ವಹಿಸಿದವರು ಊಲಿ ಲಾಟುಕೆಫು. ಟೋಂಗಾ ಮೂಲದ, ಆಸ್ಟ್ರೇಲಿಯದ ನಟರು. ಸಲಾಪುವನ್ನು ಕೆಡವಿದ ದೇಶವೂ ಆತನನ್ನು ಎತ್ತಿ ನಿಲ್ಲಿಸಿದ ಪಂದ್ಯದ ಎದುರಾಳಿ ದೇಶವೂ ಒಬ್ಬ ನಟನಲ್ಲಿ ಕೂಡಿಬಂದದ್ದು ವಿಚಿತ್ರವಾದರೂ ಸತ್ಯ.

ಸೋಲೇ ಗೆಲುವಿನ ಮೆಟ್ಟಿಲೆಂದು ಹೇಳುವುದು ರೂಢಿ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗನಿಗೆ ಮನೆಯ ಹಿರಿಯರು ಹೇಳುವ ಮಾತಿದು. ಸಲಾಪುವಿನ ಬಾಳಿಗೆ ಈ ಮಾತು ಪೂರ್ತಿ ಒಪ್ಪುವುದಿಲ್ಲ. ಮೂವತ್ತೊಂದು ಗೋಲುಗಳು ಆತನಿಗೆ ಯಾವ ಮೆಟ್ಟಿಲೂ ಆಗಲಿಲ್ಲ. ಹತ್ತು ವರ್ಷಗಳ ಕಾಲ ಬೆನ್ನ ಮೇಲಿನ ಮೂಟೆಯಾದವು. ಎರಡು ಗೋಲುಗಳ ಗೆಲುವು ಆ ಮೂವತ್ತೊಂದನ್ನು ಅಳಿಸಲೂ ಇಲ್ಲ. ದಾಖಲೆಯ ಪುಸ್ತಕದಲ್ಲಿ ಅದು ಇನ್ನೂ ಹಾಗೆಯೇ ಇದೆ. ಬಹುಶಃ ಇನ್ನೂ ಅನೇಕ ವರ್ಷ ಹಾಗೆಯೇ ಇರುವುದು. ಬದಲಾದದ್ದು ಒಂದೇ. ಮೊದಲು ಆ ಅಂಕೆಯನ್ನು ಓದಿದವರು ನಗುತ್ತಿದ್ದರು. ಈಗ ಓದಿದವರು, ಅಂಥ ಪಂದ್ಯವನ್ನು ಆಡಿದವನು ಮತ್ತೆ ಬಂದು ನಿಂತನಲ್ಲ ಎಂದು ಯೋಚಿಸುತ್ತಾರೆ.

ಸೋತವರನ್ನು ಮರೆಯದಿರುವ ಸಂಪ್ರದಾಯ ಕನ್ನಡಕ್ಕೆ ಹೊಸದಲ್ಲ. ಭಾರತದ ಕಥೆಯನ್ನು ಹೇಳಹೊರಟ ಪಂಪನಿಗೆ ಅರ್ಜುನನಷ್ಟೇ ಕರ್ಣನೂ ಬೇಕಾದನು. ಭೀಮನನ್ನು ನಾಯಕನೆಂದು ಹಿಡಿದ ರನ್ನನ ಕಾವ್ಯದಲ್ಲಿ ಓದುಗರ ಮನಸ್ಸನ್ನು ಕಲಕುವವನು ರಣರಂಗದಲ್ಲಿ ಒಬ್ಬನೇ ಉಳಿದ ದುರ್ಯೋಧನ. ಗೆದ್ದವರು ಯಾರೆಂಬುದನ್ನು ಅಂಕೆ ಹೇಳುತ್ತದೆ. ಸೋಲನ್ನು ಯಾರು ಹೊತ್ತರು, ಹೊತ್ತು ಎಷ್ಟು ದೂರ ನಡೆದರು ಎಂಬುದನ್ನು ಹೇಳಲು ಕವಿಯೇ ಬರಬೇಕಾಗುತ್ತದೆ. ಕ್ರೀಡೆಯ ಲೋಕಕ್ಕೆ ಕವಿಗಳು ಕಡಮೆ. ಅಲ್ಲಿ ಪಟ್ಟಿಗಳೇ ಹೆಚ್ಚು. ಆದುದರಿಂದ ಪಟ್ಟಿಯನ್ನು ಓದುವವರೇ ಆ ಕೆಲಸವನ್ನೂ ಮಾಡಿಕೊಳ್ಳಬೇಕಾಗಿದೆ.

ಪತ್ರಿಕೆಯಲ್ಲಿ ಯಾವುದೋ ಸಣ್ಣ ದೇಶ ದೊಡ್ಡ ಅಂತರದಿಂದ ಸೋತ ಸುದ್ದಿ ಮುಂದೆಯೂ ಬರುತ್ತದೆ. ಆಗ ಎಷ್ಟು ಗೋಲು ಎಂದು ಕೇಳುವುದರ ಜೊತೆಗೆ, ಆ ದಿನ ಆಡಲು ಬರಲಾಗದೆ ಉಳಿದವರು ಯಾರು, ಬಂದು ನಿಂತವನು ಯಾರು ಎಂದು ಕೇಳಿದರೆ ಸಾಕು. ಕಾಫ್ಸ್ ಹಾರ್ಬರಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಇಪ್ಪತ್ತರಲ್ಲಿ ಹತ್ತೊಂಬತ್ತು ಮಂದಿ ಅಂದು ಬರುವಂತಿರಲಿಲ್ಲ. ಬಂದವನು ತೊಂಬತ್ತು ನಿಮಿಷವೂ ತನ್ನ ಜಾಗದಲ್ಲಿದ್ದನು.